ಉದ್ಯಮಿಗಳ ಯಶೋಗಾಥೆಗೂ ನವ ಉದಾರವಾದಕ್ಕೂ ಏನು ಸಂಬಂಧ?

ನವ ಉದಾರವಾದ ಎಂದರೆ ಸರ್ಕಾರ ಹಿಂದೆ ಸರಿದು ಎಲ್ಲವನ್ನೂ ಮಾರುಕಟ್ಟೆಗೆ ಬಿಡಬೇಕು ಎನ್ನುವ ವಾದ. ಯಶೋಗಾಥೆ ಬರೆಯುವಾಗ ಪತ್ರಿಕೆಗಳು ಯಾವ ಸಾಲುಗಳನ್ನು ಬಿಟ್ಟುಬಿಡುತ್ತವೆ ಎಂದು ಗಮನಿಸಿದರೆ ಸಂಬಂಧ ತಿಳಿಯುತ್ತದೆ. ಇನ್ಫೋಸಿಸ್ ಕಥೆಯನ್ನೇ ನೋಡಿ. 1981, ಪುಣೆ, ಏಳು ಜನ ಎಂಜಿನಿಯರುಗಳು, ಸುಧಾ ಮೂರ್ತಿ ಕೊಟ್ಟ 10,000 ರೂಪಾಯಿ: ಇಷ್ಟು ನಮಗೆಲ್ಲ ಬಾಯಿಪಾಠ. ಎಲ್ಲದಕ್ಕೂ ಸರ್ಕಾರದ ಪರವಾನಗಿ ಬೇಕಿದ್ದ ಲೈಸೆನ್ಸ್ ರಾಜ್ ಕಾಲದಲ್ಲಿ ಒಂದು ಕಂಪ್ಯೂಟರ್ ತರಿಸಲು ಪಟ್ಟ ಪಾಡೂ ಗೊತ್ತು, ಅದು ನಿಜ ಕೂಡ. ಆದರೆ ನಾರಾಯಣ ಮೂರ್ತಿಯವರು ಓದಿದ ಐಐಟಿ ಕಾನ್ಪುರ ನಡೆಯುವುದು ಸರ್ಕಾರದ ದುಡ್ಡಿನಲ್ಲಿ. ಸಾಫ್ಟ್‌ವೇರ್ ಕಂಪನಿಗಳಿಗೆ ಉಪಗ್ರಹ ಸಂಪರ್ಕ ಒದಗಿಸಿದ ಎಸ್‌ಟಿಪಿಐ (ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ) ಸಂಸ್ಥೆ ಕೇಂದ್ರ ಸರ್ಕಾರದ್ದು. ಅದರ ಯೋಜನೆಯಡಿಯ ಘಟಕಗಳ ರಫ್ತು ಲಾಭಕ್ಕೆ 2011ರ ಮಾರ್ಚ್‌ವರೆಗೂ ಆದಾಯ ತೆರಿಗೆ ವಿನಾಯಿತಿ ಇತ್ತು. ಯಶೋಗಾಥೆಯಲ್ಲಿ ಇವಕ್ಕೆ ಸಿಕ್ಕರೆ ಒಂದು ಸಾಲು.

ಹೀಗೆ ಓದುತ್ತಾ ಓದುತ್ತಾ ಸರ್ಕಾರ ಎಂದರೆ ಬರೀ ಅಡ್ಡಗಾಲು, ಗೆದ್ದವರದು ಸ್ವಂತ ಸಾಮರ್ಥ್ಯ, ಸೋತವರದು ಸ್ವಂತ ತಪ್ಪು ಎಂಬುದು ತಲೆಯಲ್ಲಿ ಕೂತುಬಿಡುತ್ತದೆ. ನವ ಉದಾರವಾದ ಬಯಸುವುದೂ ಇದನ್ನೇ, ಯಾರೂ ಭಾಷಣ ಮಾಡಬೇಕಿಲ್ಲ.

ಪಿತೂರಿ ಅಂತೇನಲ್ಲ ಬಿಡಿ. ಜಾಹೀರಾತು ಕೊಡುವವರ ಬಗ್ಗೆಯೇ ಬರೆಯಬೇಕಾದಾಗ ಪೆನ್ನು ಮೆತ್ತಗಾಗುತ್ತದೆ. 2023ರಲ್ಲಿ ಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಟೀಕೆ ಬಂದದ್ದು ಹೌದು. ಆದರೂ ನಾನು ನೋಡಿದ ಟಿವಿ ಚರ್ಚೆಗಳಲ್ಲಿ ಯುವಕರ ಶ್ರದ್ಧೆಯ ಮಾತೇ ಜಾಸ್ತಿ; ಹೆಚ್ಚುವರಿ ಗಂಟೆಗಳ ಸಂಬಳದ ಮಾತು ಕಡಿಮೆ, ಕಾರ್ಮಿಕ ಸಂಘದವರಂತೂ ಅಪರೂಪ.