ಪ್ರಾರ್ಥನೆ ಮಾಡುವವರಿಗೂ ಮಾನಸಿಕ ಒತ್ತಡ ಬರುವುದೇಕೆ? ನಂಬಿಕೆ ಕಡಿಮೆಯಾದದ್ದಕ್ಕೇ?

ಖಂಡಿತ ಅಲ್ಲ. ಚರ್ಚಿನ ಸಭೆಯಲ್ಲಿ ಈ ಮಾತು ಕೇಳಿಸಿಕೊಂಡು ಇನ್ನಷ್ಟು ಕುಗ್ಗಿದವರನ್ನು ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಅಪಾಯ ಕಂಡೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತವೆ. ಎದೆಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ಪಾರಾಗಲೆಂದು ದೇವರು ದೇಹದಲ್ಲಿಟ್ಟ ಏರ್ಪಾಡು ಅದು. ಸಾಲ, ಮನೆಯ ಜಗಳ, ರಾತ್ರಿಪಾಳಿ, ಕ್ಷಮಿಸಲಾಗದೆ ಉಳಿದ ನೋವು ಅದನ್ನು ತಿಂಗಳುಗಟ್ಟಲೆ ಆರಲು ಬಿಡದಿದ್ದಾಗ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ.

ಬೈಬಲಿನಲ್ಲಿ ಒಂದನೆಯ ಅರಸುಗಳು ಪುಸ್ತಕದ 19ನೇ ಅಧ್ಯಾಯ ಓದಿ. ಕರ್ಮೆಲ್ ಬೆಟ್ಟದಲ್ಲಿ ಗೆದ್ದು ಬಂದ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಬೆದರಿಕೆಗೆ ಪ್ರಾಣಭಯದಿಂದ ಓಡಿದ. ಸೇವಕನನ್ನು ಬೇರ್ಷೆಬ ಊರಲ್ಲೇ ಬಿಟ್ಟು, ಒಂಟಿಯಾಗಿ ಅರಣ್ಯ ಹೊಕ್ಕು, ಗಿಡದ ಕೆಳಗೆ ಕೂತು ಸಾವು ಬೇಡಿದ. ದೇವದೂತ ಗದರಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ತೋರಿಸಿದ. ಉಂಡವನನ್ನು ಮತ್ತೆ ಮಲಗಲು ಬಿಟ್ಟ, ಆಮೇಲೆ ಎರಡನೇ ಸಲ ಎಬ್ಬಿಸಿ ಉಣಿಸಿದ. ಹೋರೇಬ್ ಬೆಟ್ಟದಲ್ಲಿ ದೇವರೊಂದಿಗೆ ಮಾತುಕತೆ ನಡೆದದ್ದು ಇಷ್ಟೆಲ್ಲ ಆದ ಮೇಲೆ! ಕೊನೆಗೆ ಎಲೀಷನೆಂಬ ಜೊತೆಗಾರನೂ ಸಿಕ್ಕ. ಊಟ, ನಿದ್ದೆ, ಮನಬಿಚ್ಚಿದ ಮಾತು, ಜೊತೆ: ಈ ಕ್ರಮವನ್ನು ನಾವು ಮರೆತಿದ್ದೇವೆ ಅನ್ನಿಸುತ್ತದೆ.

ಪ್ರಾರ್ಥನೆ ಬಿಡಬೇಡಿ, ಔಷಧಕ್ಕೂ ಸಂಕೋಚ ಬೇಡ. ಯೇಸುವಿನ ಸಂದೇಶ ಸಾರಿದ ಪೌಲನ ಜೊತೆಗಿದ್ದ ಲೂಕನೂ ವೈದ್ಯನೇ. ವಾರಗಟ್ಟಲೆ ನಿದ್ದೆ ಬಾರದಿದ್ದರೆ ವೈದ್ಯರನ್ನು ಕಾಣಿ. ಎಲೀಯನಂತೆ ಸಾವಿನ ಯೋಚನೆ ಬಂದರೆ ಅಂದೇ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.