ನೀರಿನಿಂದ ತೆಗೆದ ಇಂಧನವನ್ನು ಬಿಸಿಲಿಗೆ ಹಾಕುವವರಿಗೆ

ಪ್ರಶ್ನೆ: ರಿಯಾಕ್ಟರಿನಲ್ಲಿ ಬಳಸಿದ ಇಂಧನ ವರ್ಷಗಟ್ಟಲೆ ಕೊಳದ ನೀರಿನಲ್ಲಿ ಇರುತ್ತದಲ್ಲ, ಹೊರತೆಗೆದು ಬಿಸಿಗಾಳಿ ಬಿಟ್ಟು ಆರಿಸಿದರೆ ಆಗದೇ? ನಿರ್ವಾತ, ಹೀಲಿಯಂ ಎಂದು ಇಷ್ಟು ಖರ್ಚೇಕೆ?

ಇದನ್ನೇ ಎಷ್ಟು ಸಲ ಕೇಳುತ್ತೀರಿ! ಬಿಸಿಗಾಳಿ ಅನ್ನುವವರು ಅಮೆರಿಕದ ಹ್ಯಾನ್‌ಫರ್ಡ್ ಎಂಬ ಹಳೆಯ ಅಣು ಕೇಂದ್ರದ ಕಥೆ ಕೇಳಬೇಕು. ಅಲ್ಲಿ ಎನ್ ರಿಯಾಕ್ಟರಿನ ಸುಮಾರು 2,100 ಟನ್ ಇಂಧನ ಕೊಲಂಬಿಯಾ ನದಿಯ ಪಕ್ಕದ ಎರಡು ಕೆ-ಕೊಳಗಳಲ್ಲಿ ಬಿದ್ದಿತ್ತು. ಎಲ್ಲ ಲೋಹರೂಪದ ಯುರೇನಿಯಂ. ಮೇಲಿನ ಜಿರ್ಕೋನಿಯಂ ಕವಚ ಒಡೆದ ಕಡೆಯೆಲ್ಲ ನೀರು ಒಳಹೊಕ್ಕು ಲೋಹವನ್ನು ತಿಂದಿತು. ಆಗ ಹುಟ್ಟುವ ಹೈಡ್ರೋಜನ್ ಸುಮ್ಮನೆ ಹೋಗುವುದಿಲ್ಲ. ಸ್ವಲ್ಪ ಲೋಹದ ಜೊತೆಗೇ ಸೇರಿ ಯುರೇನಿಯಂ ಹೈಡ್ರೈಡ್ ಆಗುತ್ತದೆ. ಈ ಪುಡಿಗೆ ಕಡ್ಡಿ ಗೀರಬೇಕಿಲ್ಲ, ಗಾಳಿ ತಾಕಿದರೆ ತಾನೇ ಹೊತ್ತಿಕೊಳ್ಳಬಲ್ಲದು. ಇದಕ್ಕೆ ಬಿಸಿಗಾಳಿ ಬಿಡುತ್ತೀರಾ?

ಅವರು ಇಂಧನವನ್ನು ತೊಳೆದು, ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ಪೀಪಾಯಿಗೆ ತುಂಬಿ, ಸುಮಾರು 50 ಡಿಗ್ರಿಯಲ್ಲಿ ನಿರ್ವಾತ ಪಂಪಿನಿಂದ ನೀರು ಎಳೆದು, ಯಾವುದರ ಜೊತೆಗೂ ಕೂಡಿಕೊಳ್ಳದ ಹೀಲಿಯಂ ಅನಿಲ ತುಂಬಿ ಮುಚ್ಚಿದರು. 2004ರ ಹೊತ್ತಿಗೆ ಕೊಳಗಳಿಂದ ಇಂಧನ ತೆಗೆದದ್ದಾಯಿತು. ಶಾಖ ಏರಿಸಿದ್ದರೆ ಬೇಗ ಒಣಗುತ್ತಿತ್ತು, ಒಪ್ಪಿದೆ. ನೀರಾವಿ ಯುರೇನಿಯಂ ತಿನ್ನುವ ವೇಗವೂ ಏರುತ್ತಿತ್ತಲ್ಲ!

ನಿರ್ವಾತಕ್ಕೂ ಆತುರ ಕೂಡದು. ಪಂಪನ್ನು ಒಂದೇ ಸಮ ಜೋರಾಗಿ ಓಡಿಸಿದರೆ ನೀರು ಆವಿಯಾಗುತ್ತಾ ತಣ್ಣಗಾಗಿ, ಒತ್ತಡ 4.6 ಟಾರ್‌ಗಿಂತ (ಟಾರ್ ಒತ್ತಡದ ಅಳತೆ, ನಮ್ಮ ಸುತ್ತಲಿನ ಗಾಳಿಯದು ಸುಮಾರು 760) ಕೆಳಗಿಳಿದಾಗ ಹೆಪ್ಪುಗಟ್ಟುತ್ತದೆ. ಹೊರಗೆ ಮೀಟರು ಒಣಗಿತು ಅನ್ನುತ್ತದೆ, ಒಳಗೆ ಮಂಜುಗಡ್ಡೆ ಕೂತಿರುತ್ತದೆ. ಅದಕ್ಕೇ ಒತ್ತಡವನ್ನು ಹಂತಹಂತವಾಗಿ ಇಳಿಸಿ, ನಡುನಡುವೆ ನಿಲ್ಲಿಸಬೇಕು. ಅಮೆರಿಕದಲ್ಲಿ ವಿದ್ಯುತ್ ಸ್ಥಾವರಗಳ ಇಂಧನಕ್ಕೆ ರೂಢಿಯ ಪರೀಕ್ಷೆ ಇಷ್ಟು: ಪಂಪಿನ ಸಂಪರ್ಕ ಮುಚ್ಚಿದ ಮೇಲೆ 30 ನಿಮಿಷ ಒತ್ತಡ 3 ಟಾರ್ ದಾಟಬಾರದು; ಒಳಗೆ ನೀರು ಉಳಿದಿದ್ದರೆ ಅದು ಆವಿಯಾಗಿ ಒತ್ತಡ ಏರಿಸುತ್ತದೆ. ಅದರಲ್ಲಿ ಪಾಸಾದರೂ ತುಕ್ಕಿನ ಪದರದಲ್ಲಿ ರಾಸಾಯನಿಕವಾಗಿ ಬೆಸೆದ ನೀರು ಉಳಿಯಬಹುದು. ವಿಕಿರಣ ಅದನ್ನೂ ಒಡೆದು ಹೈಡ್ರೋಜನ್ ಬಿಡಿಸುತ್ತದೆ. ನಾನಾಗಿದ್ದರೆ ಅರ್ಧ ಗಂಟೆಯ ಬದಲು ಒಂದು ಗಂಟೆ ಕಾಯುತ್ತೇನೆ. ಪುಕ್ಕಲ ಅಂದುಕೊಳ್ಳಿ, ಬೇಸರವಿಲ್ಲ.

ಪ್ರಶ್ನೆ: ಹಾಗಾದರೆ ಕೈಗಾದ ಇಂಧನವೂ ಹೊತ್ತಿಕೊಳ್ಳುತ್ತದೆಯೇ?

ಇಲ್ಲ. ಅಲ್ಲಿಯದು ಯುರೇನಿಯಂ ಡೈಆಕ್ಸೈಡ್ ಗುಳಿಗೆ. ಆಗಲೇ ಆಕ್ಸಿಜನ್ ಜೊತೆ ಕೂಡಿಕೊಂಡಿದೆ. ಯಾವುದೇ ಆಕ್ಸೈಡ್ ಇಂಧನದ ಕವಚ ಸೀಳಿದ್ದು, ಒಳಗೆ ಬಿಸಿ ಗಾಳಿ ನುಗ್ಗಿದರೆ, ಅದರಲ್ಲೂ 250 ಡಿಗ್ರಿ ದಾಟಿದರೆ, ಅದು ಇನ್ನಷ್ಟು ಆಕ್ಸಿಜನ್ ಹೀರಿ ಯು3ಓ8 ಎಂಬ ಇನ್ನೊಂದು ಆಕ್ಸೈಡ್ ಆಗುತ್ತದೆ. ಗಾತ್ರ ಸುಮಾರು ಶೇ 36ರಷ್ಟು ಉಬ್ಬಿ ಸಣ್ಣ ಸೀಳು ಉದ್ದಕ್ಕೆ ಹರಿಯುತ್ತದೆ. ಹೀಲಿಯಂ ಖರ್ಚು ಯಾಕೆಂದು ಈಗ ಹೊಳೆಯಿತೇ?

ಪ್ರಶ್ನೆ: ಕೊಳದಲ್ಲಿ ಕಾಣುವ ನೀಲಿ ಬೆಳಕು ಸೋರಿಕೆಯೇ?

ಅಲ್ಲ, ಚೆರೆಂಕೋವ್ ಬೆಳಕು: ವಿಕಿರಣದ ವೇಗದ ಕಣಗಳು ನೀರಿನಲ್ಲಿ ಹಾದುಹೋಗುವಾಗ ಹೊಮ್ಮುವ ಹೊಳಪು. ಮುಂದಿನದು.

ಪ್ರಶ್ನೆ: ವಿಕಿರಣ ತಡೆಯುವ ಪೆಂಡೆಂಟ್ ಕೊಳ್ಳಬಹುದೇ?

ಮಾರುವವನಿಗೆ ನಾಚಿಕೆಯಿಲ್ಲ, ನಿಮಗಾದರೂ ಬೇಡವೇ? 2021ರಲ್ಲಿ ನೆದರ್ಲೆಂಡ್ಸ್‌ನ ಅಣು ಸುರಕ್ಷತಾ ಪ್ರಾಧಿಕಾರ 5ಜಿ ತಡೆಯುತ್ತವೆಂದು ಮಾರುತ್ತಿದ್ದ ಇಂಥ ಸರಕನ್ನು ಪರೀಕ್ಷಿಸಿದಾಗ, ಕೆಲವು ತಾವೇ ವಿಕಿರಣ ಸೂಸುತ್ತಿದ್ದವು. ಕೊರಳಲ್ಲಿದ್ದರೆ ಮೊದಲು ತೆಗೆದಿಡಿ.