‘ರಜೆ ಕೊಡಾಕ ಬರೂದಿಲ್ಲ ಅಂದ್ರು, ಒಳಗ ಹಗುರಾತ್ರೀ ಮೇಡಂ’

(ವಯಸ್ಸು, ಆಫೀಸು, ಮನಿ ವಿವರ ಎಲ್ಲಾ ಬದಲಿ ಮಾಡೀನಿ, ಅವರನ್ನ ಕೇಳೇ ಬರ್ಯಾಕತ್ತೀನಿ.)

ಗದಗ ಜಿಲ್ಲಾದಾಗ ಒಂದು ಸರ್ಕಾರಿ ಆಫೀಸಿನ ಸೂಪರಿಂಟೆಂಡೆಂಟ್, ವಯಸ್ಸು 58. ಊರಾಗ ಯಾರರ ನೋಡ್ಯಾರು ಅಂತ ಬಸ್ ಹತ್ತಿ ಹುಬ್ಬಳ್ಳಿಗೆ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬಂದಿದ್ರು. ರಾತ್ರಿ ನಿದ್ದಿ ಇಲ್ಲ, ಮನ್ಯಾಗ ಸಣ್ಣ ಸಣ್ಣದಕ್ಕೆಲ್ಲಾ ಸಿಟ್ಟು, ಡಾಕ್ಟರ್ ಬಿಪಿ ಶುಗರ್ ಎಲ್ಲಾ ನಾರ್ಮಲ್ ಅಂದಾರ.

ಡಿಎ, ಟ್ರಾನ್ಸ್‌ಫರ್ ಅಂತ ಅರ್ಧಾ ತಾಸು ಮಾತಾಡಿದ ಮ್ಯಾಲೆ ಕಿಸೆದಾಗಿಂದ ನಾಕು ಮಡಿಕಿ ಹಾಕಿದ್ದ ಒಂದು ಝೆರಾಕ್ಸ್ ತಗದ್ರು. ಅವರದ ಅರ್ಜಿ. ‘ನನ್ನ ಖಾತೆಯಲ್ಲಿರುವ 300 ದಿನಗಳ ಗಳಿಕೆ ರಜೆಯಲ್ಲಿ 60 ದಿನಗಳನ್ನು ಸದರಿ ನೌಕರರ ಖಾತೆಗೆ ವರ್ಗಾಯಿಸಲು ಕೋರುತ್ತೇನೆ.’ ಬಾಜೂಕ ಹಸಿರು ಇಂಕಿನ್ಯಾಗ ಸಾಹೇಬ್ರ ಷರಾ: ‘ನಿಯಮದಲ್ಲಿ ಅವಕಾಶವಿರುವುದಿಲ್ಲ.’

ಸದರಿ ನೌಕರರು ಅಂದ್ರ ಅವರ ಕೈಕೆಳಗಿನ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕಿ), ಟಪಾಲು ಟೇಬಲ್ ನೋಡೂ ಹೆಣ್ಮಗಳು. ಏಳು ವರ್ಷದ ಮಗನಿಗೆ ಬ್ಲಡ್ ಕ್ಯಾನ್ಸರ್, ಟ್ರೀಟ್‌ಮೆಂಟ್ ಎರಡು ಮೂರು ವರ್ಷ ನಡಿಯೂದು. ಇದ್ದ ಇಎಲ್, ಅಂದ್ರ ಗಳಿಕೆ ರಜೆ, ಮುಗೀತು, 2021ರಿಂದ ಮಕ್ಕಳ ಆರೈಕೆಗೆ ಅಂತ ಇಡೀ ಸರ್ವಿಸ್‌ಗೆ ಆರು ತಿಂಗಳ ರಜೆ ಕೊಡ್ತಾರಲ್ಲ ಅದೂ ಮುಗೀತು, ಈಗ ಪಗಾರಿಲ್ಲದ ರಜೆ ಮ್ಯಾಲೆ ಅದಾರ. ಇಂಥಾದ್ರಾಗ ಇವರ ತಮ್ಮನ ಮಗಳು, ಅಮೆರಿಕಾದಾಗ ಫೆಡರಲ್ ಸರ್ಕಾರದ ನೌಕರಿ, ಫೋನ್‌ನಾಗ ಹೇಳ್ಯಾಳ: ದೊಡ್ಡಪ್ಪ, ಇಲ್ಲೆ ನಮ್ಮ ರಜೆ ಕಷ್ಟದಾಗಿರೋ ಸಹೋದ್ಯೋಗಿಗೆ ಬರದು ಕೊಡಬಹುದು, 1988ರಿಂದ ಕಾನೂನೇ ಅದ. ಇವರು ಅವತ್ತು ರಾತ್ರಿನ ಕೂತು ಅರ್ಜಿ ಬರದ್ರು. ಹೆಂಡತಿಗೆ ಹೇಳಲಿಲ್ಲ.

ಆಮ್ಯಾಲೆ ಹೆಂಡತಿಗೆ ಗೊತ್ತಾತು, ಗೊತ್ತಾಗದ ಇರ್ತದೇನು. ರಿಟೈರ್ ಆಗೂ ದಿನ 300 ದಿನದ ರಜೆ ಅಂದ್ರ ಹತ್ತು ತಿಂಗಳ ಪಗಾರ ಒಂದೇ ಸಲ ಬರೂ ರೊಕ್ಕ, ಅದನ್ನ ಅವರು ಮಗಳ ಮದಿವಿಗೆ ಅಂತ ಮನಸಿನ್ಯಾಗ ಎತ್ತಿಟ್ಟಿದ್ರು. ದೊಡ್ಡ ಜಗಳಾತು. ಜಗಳ ಆರೂದ್ರಾಗ ಅರ್ಜಿ ವಾಪಸ್ ಬಂತು.

‘ಸಾಹೇಬ್ರ ಮುಂದ ಸಿಟ್ಟು ಮಾಡಿದೆರೀ, ಇದೆಂಥಾ ನಿಯಮ ಅಂದೆ. ಖರೇ ಹೇಳಬೇಕಂದ್ರ ಒಳಗ ಹಗುರಾತು. ಆಕಿ ಮಗ ಅಲ್ಲಿ ದವಾಖಾನ್ಯಾಗ, ನಾ ಇಲ್ಲಿ ನನ್ನ ರೊಕ್ಕ ಉಳೀತು ಅಂತ ಹಗುರಾಗೂದು. ಅವತ್ತಿಂದ ನಿದ್ದಿ ಹತ್ತವಲ್ದು.’

ನಾನು ಅವರಿಗೆ ಹೇಳಿದ್ದು, ಕೊಡಬೇಕು ಅನ್ನಿಸಿದ್ದೂ ಖರೇ, ಹಗುರಾಗಿದ್ದೂ ಖರೇ, ಎರಡೂ ಒಬ್ಬರದೇ ಮನಸ್ಸು, ಒಂದು ಇನ್ನೊಂದನ್ನ ಸುಳ್ಳು ಮಾಡೂದಿಲ್ಲ. ಇನ್ನ ತಮ್ಮನ ಮಗಳ ಆಫೀಸ್ ಜೊತಿ ತೂಗಿ ನೋಡಬ್ಯಾಡ್ರಿ ಅಂದೆ. ಅಲ್ಲಿ ಸಾಮಾನ್ಯ ನೌಕರರು ಮುಂದಿನ ವರ್ಷಕ್ಕ ಒಯ್ಯಬಹುದಾದ ವಾರ್ಷಿಕ ರಜೆ 240 ತಾಸು, ಅಂದ್ರ 30 ದಿನ ಅಷ್ಟೇ, ಹೆಚ್ಚಿಂದು ಲ್ಯಾಪ್ಸ್ ಆಗ್ತದ, ಹಿಂಗಾಗಿ ಭಾಳ ಮಂದಿ ಹೆಂಗೂ ಹೋಗೂದನ್ನ ಕೊಡ್ತಾರ. ಕೊಟ್ಟು ಉಳದದ್ದು ಕೊಟ್ಟವರ ಖಾತೆಗೆ ವಾಪಸ್ ಬರ್ತದ, ತನ್ನ ಮ್ಯಾಲಿನ ಸಾಹೇಬ್ರಿಗೆ ಕೊಡಾಕ ಬರೂದಿಲ್ಲ, ಕೊಡ್ರಿ ಅಂತ ಯಾರೂ ಒತ್ತಾಯ ಮಾಡೂ ಹಂಗಿಲ್ಲ. ನಿಮ್ಮ 60 ದಿನ ಹಂಗ ಹೋಗೂ ರಜೆ ಅಲ್ಲ, ಮನಿ ರೊಕ್ಕ.

ಆಮ್ಯಾಲೆ ಕೇಳಿದೆ, ಆ ಹೆಣ್ಮಗಳಿಗೆ ಏನು ಬೇಕು ಅಂತ ಕೇಳೀರೇನು? ಸುಮ್ಮನ ಕೂತ್ರು. ಕೇಳಿರಲಿಲ್ಲ. ಮ್ಯಾಲೆ ಇನ್ನೊಂದು ಹೊರಗ ಬಂತು. ಆಫೀಸಿನ್ಯಾಗ ಆಕಿ ಸಲುವಾಗಿ ರೊಕ್ಕದ ಪಟ್ಟಿ ಎತ್ತಿದ್ರಂತ, ಯಾರು ಎಷ್ಟು ಕೊಟ್ರು ಅಂತ ಹೆಸರು ಸಮೇತ ವಾಟ್ಸಾಪ್ ಗ್ರೂಪಿಗೆ ಹಾಕ್ಯಾರ, ಆಕಿನೂ ಅದೇ ಗ್ರೂಪಿನ್ಯಾಗ ಅದಾರ, ಮೊದಲನೇ ಹೆಸರು ಇವರದ, 5000. ಅದಾದ ಮ್ಯಾಲೆ ಆಕಿ ಫೋನ್ ಎತ್ತೂದಿಲ್ಲ. ಎತ್ತಬೇಕಂದ್ರ ಏನಂತ ಎತ್ತಬೇಕು ಹೇಳ್ರಿ! ಫ್ರಾನ್ಸ್‌ನಾಗ 2014ರಾಗ ಕಾಯಿಲೆ ಮಕ್ಕಳ ತಂದಿತಾಯಿಗೆ ಸಹೋದ್ಯೋಗಿಗಳು ತಮ್ಮ ರಜೆ ಕೊಡೂ ಕಾನೂನು ಮಾಡಿದಾಗ ಕೊಟ್ಟವರ ಹೆಸರು ಹೇಳಬಾರದು ಅಂತ ಅದರಾಗ ಬರದಾರ, ನಮ್ಮಲ್ಲಿ ಪಟ್ಟಿ ಹಚ್ಚದ ಇದ್ರ ಕೊಟ್ಟಂಗನ ಅನ್ನಿಸೂದಿಲ್ಲ.

ಸಲಹೆ ಅಂತ ನಾ ಕೊಟ್ಟಿದ್ದು ಇಷ್ಟು. ಮೊದಲು ಆ ಪಟ್ಟಿ ಗ್ರೂಪಿನಿಂದ ತಗಿಸ್ರಿ. ಎರಡನೇದು, ನೀವು ಎಸ್ಟಾಬ್ಲಿಷ್‌ಮೆಂಟ್, ಅಂದ್ರ ನೌಕರರ ಸರ್ವಿಸ್ ಲೆಕ್ಕ, ನೋಡೂ ಮನುಷ್ಯ, ಆಕಿ ಸರ್ವಿಸ್ ರಜಿಸ್ಟರ್ ತಗದು ಅರ್ಧ ವೇತನದ ರಜೆ ಎಷ್ಟು ಉಳದದ ಲೆಕ್ಕ ಹಾಕ್ರಿ. ವರ್ಷಕ್ಕ 20 ದಿನ ಜಮಾ ಆಗೂದು ಅದು, ಖಾಸಗಿ ಕಾರಣಕ್ಕೂ ಬರ್ತದ, ಸಣ್ಣ ನೌಕರರು ಅದನ್ನ ಮರತೇ ಬಿಟ್ಟಿರ್ತಾರ. ಅರ್ಧ ಪಗಾರಾದ್ರೂ ಬರ್ತದ, ಇನ್ಕ್ರಿಮೆಂಟ್ ಮುಂದಕ್ಕ ಹೋಗೂದೂ ತಪ್ಪತದ.

ಮೂರನೇದು ಹೆಂಡತಿ ಜೊತಿ ಕೂತು ಮಾಡೂ ಲೆಕ್ಕ. ಜನವರಿ ಒಂದಕ್ಕ 15, ಜುಲೈ ಒಂದಕ್ಕ 15 ಇಎಲ್ ಜಮಾ ಆಗ್ತದ, ಆದ್ರ ಮಿತಿ 300, ನಿಮ್ಮದು ತುಂಬಿ ಕೂತದ. ಹಂಗಾರ ವರ್ಷಕ್ಕೊಮ್ಮೆ 15 ದಿನ ಸರೆಂಡರ್ ಮಾಡಿ ನಗದು ಮಾಡಿಸ್ತೀರಲ್ಲ, ಅದನ್ನ ಮಾಡಿಸ್ರಿ. 285 ಆದದ್ದು ಮುಂದಿನ ಜಮಾಕ್ಕ ಮತ್ತ 300 ಆಗ್ತದ. ಮಗಳ ಮದಿವಿ ರೊಕ್ಕಕ್ಕ ಕೈ ಹಚ್ಚಿದಂಗ ಆಗೂದಿಲ್ಲ. ಆ 15 ದಿನದ ಪಗಾರದಾಗ ಎಷ್ಟು ಕೊಡಬೇಕು ಅನ್ನೂದು ಇಬ್ಬರೂ ಕೂಡಿ ತೀರ್ಮಾನ ಮಾಡ್ರಿ, ಪೂರ್ತಿ ಕೊಡ್ರಿ ಅಂತೂ ನಾ ಹೇಳೂದಿಲ್ಲ.

ಮುಂದಿನ ಸಲ ಬರಬೇಕಾದ್ರ ಹೆಂಡತಿನೂ ಕರ್ಕೊಂಡು ಬಂದಿದ್ರು. ಆಯಮ್ಮ ಮೊದಲ ಮಾತಿಗೇ ‘ನಾ ಏನು ಕೊಡಬ್ಯಾಡ ಅಂದಿದ್ದಿಲ್ರೀ, ನನಗ ಹೇಳದ ಕೊಟ್ಟದ್ದಕ್ಕ ಹೊಟ್ಟಿ ಉರದಿತ್ತು’ ಅಂದ್ರು, ಇವರು ನೆಲ ನೋಡ್ಕೋತ ಕೂತ್ರು. ರಜಿಸ್ಟರ್‌ನಾಗ 140 ದಿನ ಅರ್ಧ ವೇತನದ ರಜೆ ಸಿಕ್ಕದ, ಫೈಲ್ ಸಾಹೇಬ್ರ ಟೇಬಲ್ ಮ್ಯಾಲೆ ಅದ. ಅರ್ಜಿಗೆ ಸಹಿ ಬೇಕಂತ ಫೋನ್ ಮಾಡಿದಾಗ ಆಕಿ ಎತ್ತಿದ್ರಂತ. ನಿದ್ದಿ ಇನ್ನೂ ಪೂರಾ ಸರಿಯಾಗಿಲ್ಲ, ಹದಿನೈದು ದಿನ ಬಿಟ್ಟು ಮತ್ತ ಬರಾಕ ಹೇಳೀನಿ.